ಕೂಲರ್ ತರುವ ಮುಂಚೆ ಕ್ಯಾಬಿನೆಟ್ ಅಳೆಯಿರಿ

ಪ್ರಶ್ನೆ: ಸರ್, ನಾನು ರಾಯಚೂರಿನವನು. ರಾತ್ರಿ ಮಗು ಮಲಗಿದ ಮೇಲೆ ಮದುವೆ ವಿಡಿಯೋ ಎಡಿಟ್ ಮಾಡುತ್ತೇನೆ. ನನ್ನ ಕಂಪ್ಯೂಟರಿನಲ್ಲಿ ಎಎಂಡಿ ಕಂಪನಿಯ ಎಎಂ4 ಸಾಕೆಟ್‌ನ 65 ವ್ಯಾಟ್ ಪ್ರೊಸೆಸರ್ ಇದೆ, ಅದರ ಜೊತೆ ಬಂದ ಚಿಕ್ಕ ಕೂಲರನ್ನೇ ಹಾಕಿದ್ದೇನೆ. ರೆಂಡರ್‌ಗೆ (ಎಡಿಟ್ ಮುಗಿದ ವಿಡಿಯೋವನ್ನು ಒಂದೇ ಫೈಲ್ ಮಾಡುವುದಕ್ಕೆ) ಹಾಕಿದರೆ ಹಿಟ್ಟಿನ ಗಿರಣಿ ಥರ ಸದ್ದು. ಸುಮ್ನೆ ಬ್ರೌಸರ್ ತೆರೆದರೂ ಫ್ಯಾನು ಒಮ್ಮೆ ಏರುತ್ತೆ, ಒಮ್ಮೆ ಇಳಿಯುತ್ತೆ. ಅಂಗಡಿಯವರು ನೀರು ಹರಿಸಿ ಪ್ರೊಸೆಸರ್ ತಂಪು ಮಾಡುವ ವಾಟರ್ ಕೂಲರ್ ಹಾಕಿಸಿ ಅಂತಾರೆ. ಏನು ಮಾಡಲಿ?

ಉತ್ತರ: 65 ವ್ಯಾಟ್‌ಗೆ ವಾಟರ್ ಕೂಲರ್ ಯಾಕೆ? ಅದಕ್ಕೂ ಫ್ಯಾನ್ ಇರುತ್ತದೆ, ಜೊತೆಗೆ ಪಂಪಿನ ಸದ್ದು ಬೇರೆ. ನಿಮಗೆ ಏರ್ ಕೂಲರ್ ಸಾಕು. (ನಿಮ್ಮೂರಲ್ಲಿ ಏರ್ ಕೂಲರ್ ಅಂದರೆ ನೀರು ತುಂಬಿಸಿ ಕಿಟಕಿ ಪಕ್ಕ ಇಡುವುದು, ಗೊತ್ತು. ಅದಲ್ಲ, ಪ್ರೊಸೆಸರ್ ಮೇಲೆ ಕೂರುವ ಲೋಹದ ರೆಕ್ಕೆ, ಫ್ಯಾನು!)

ಆದರೆ ಮೊದಲು ಖರ್ಚಿಲ್ಲದ ಕೆಲಸ. ಕೂಲರ್‌ನ ರೆಕ್ಕೆಗಳ ನಡುವಿನ ಧೂಳು ತೆಗೆಯಿರಿ. ಆಮೇಲೆ ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ ಪರದೆ ಬಯಾಸ್‌ಗೆ ಹೋಗಿ ಫ್ಯಾನ್ ಕರ್ವ್, ಅಂದರೆ ಎಷ್ಟು ಬಿಸಿಗೆ ಎಷ್ಟು ವೇಗ ಎಂಬ ಪಟ್ಟಿ, ನೋಡಿ. ಏನಾದರೂ ತೆರೆದ ಕೂಡಲೇ ಪ್ರೊಸೆಸರ್ ಬಿಸಿ ಒಂದೆರಡು ಸೆಕೆಂಡು ಜಿಗಿಯುತ್ತದೆ, ಫ್ಯಾನು ಅದರ ಹಿಂದೆಯೇ ಓಡುತ್ತದೆ, ನಿಮ್ಮ ಏರಿಳಿತ ಬಹುತೇಕ ಇದೇ. 60 ಡಿಗ್ರಿವರೆಗೆ ಒಂದೇ ಕಡಿಮೆ ವೇಗ ಇಟ್ಟು, ಅಲ್ಲಿಂದ ನಿಧಾನಕ್ಕೆ ಏರಿಸಿ.

ರೆಂಡರ್ ಸದ್ದಿಗೆ ಮಾತ್ರ ಹೊಸ ಕೂಲರ್ ಬೇಕು. ದೊಡ್ಡ ಫ್ಯಾನು ನಿಧಾನಕ್ಕೆ ತಿರುಗಿಯೂ ಸಾಕಷ್ಟು ಗಾಳಿ ತಳ್ಳುತ್ತದೆ, ಗೋಪುರದಂತೆ ನಿಂತ ಟವರ್ ಕೂಲರ್‌ನ ಗುಟ್ಟು ಅಷ್ಟೇ. 120 ಮಿ.ಮೀ. ಫ್ಯಾನ್, ನಾಲ್ಕು ಹೀಟ್ ಪೈಪ್ (ಬಿಸಿ ಸಾಗಿಸುವ ಕೊಳವೆ) ಇರುವ ಡೀಪ್‌ಕೂಲ್ ಎಕೆ400 ಥರದ್ದು ನಿಮಗೆ ಧಾರಾಳ. ಮುಂದೆ 12 ಕೋರ್‌ಗೆ ಹೋಗುವ ಯೋಚನೆ ಇದ್ದರೆ ಥರ್ಮಲ್‌ರೈಟ್ ಪಿಯರ್‌ಲೆಸ್ ಅಸಾಸಿನ್ 120 ಎಸ್‌ಇ ನೋಡಿ: ಎರಡು ಟವರ್, ಎರಡು ಫ್ಯಾನ್, ಆರು ಪೈಪ್. ಎರಡೂ 155 ಮಿ.ಮೀ. ಎತ್ತರ. ನಾಕ್ಟುವಾ ಎನ್‌ಎಚ್-ಡಿ15 ಒಳ್ಳೆಯದೇ, ಆದರೆ 165 ಮಿ.ಮೀ. ಇದೆ, ಎಷ್ಟೋ ಕ್ಯಾಬಿನೆಟ್‌ಗಳ ಬಾಗಿಲು ಮುಚ್ಚುವುದಿಲ್ಲ. ನಿಮ್ಮ ಕೆಲಸಕ್ಕೆ ಅದು ದುಡ್ಡು ದಂಡ. ಮದರ್‌ಬೋರ್ಡ್ ಮೇಲಿನ ಪ್ರೊಸೆಸರ್‌ನಿಂದ ಬಾಗಿಲಿನವರೆಗೆ ಸ್ಕೇಲ್ ಹಿಡಿದು ಅಳೆಯಿರಿ. ಎತ್ತರದ ರ‍್ಯಾಮ್ ಇದ್ದರೆ ಅದನ್ನೂ.

ಹಳೆಯದನ್ನು ಬಿಚ್ಚುವಾಗ ಹುಷಾರು. ಎಎಂ4ನಲ್ಲಿ ಪಿನ್ನುಗಳಿರುವುದು ಪ್ರೊಸೆಸರ್‌ನಲ್ಲೇ. ನಾನೊಮ್ಮೆ ಅವಸರದಲ್ಲಿ ಕೂಲರನ್ನು ನೇರ ಮೇಲಕ್ಕೆ ಎಳೆದೆ, ಕೂಲರ್ ಮತ್ತು ಪ್ರೊಸೆಸರ್ ನಡುವೆ ಹಚ್ಚಿದ್ದ, ಒಣಗಿದ ಥರ್ಮಲ್ ಪೇಸ್ಟಿಗೆ ಅಂಟಿಕೊಂಡು ಪ್ರೊಸೆಸರೂ ಟಪ್ ಅಂತ ಕಿತ್ತು ಬಂತು. ಬಾಗಿದ ಎರಡು ಪಿನ್ನುಗಳನ್ನು ಹಳೆ ಎಟಿಎಂ ಕಾರ್ಡಿನ ಅಂಚಿನಿಂದ ನೆಟ್ಟಗೆ ಮಾಡುವಷ್ಟರಲ್ಲಿ ಬೆವರು ಇಳಿದಿತ್ತು. ನೀವು ಹತ್ತು ನಿಮಿಷ ರೆಂಡರ್ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ ಪ್ಲಗ್ ಕಿತ್ತು, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ ಆಮೇಲೆ ಎತ್ತಿ.

ಇನ್ನೊಂದು, ಯಾವ ಏರ್ ಕೂಲರೂ ಕೋಣೆಗಿಂತ ತಂಪು ಮಾಡಲಾರದು. 25 ಡಿಗ್ರಿ ಕೋಣೆಯಲ್ಲಿ 65 ತೋರಿಸುವುದು, ನಿಮ್ಮ ಮೇ ತಿಂಗಳ 40 ಡಿಗ್ರಿಯಲ್ಲಿ 80ರ ಆಸುಪಾಸು ತೋರಿಸುತ್ತದೆ. ಗಾಬರಿ ಬೇಡ.

ಪ್ರಶ್ನೆ: ಟವರ್ ಕೂಲರ್ ಹೊಸದಾಗಿ ಹಾಕಿದೆ. ಬಿಸಿ ಮೊದಲಿಗಿಂತ ಜಾಸ್ತಿಯಾಗಿದೆ! ಫ್ಯಾನೂ ತಿರುಗುತ್ತಿದೆ.

ಉತ್ತರ: ತಳದಲ್ಲಿದ್ದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಕಿತ್ತಿದ್ದೀರಾ? ನಾಚಿಕೆ ಬೇಡ, ತುಂಬಾ ಜನ ಮರೆಯುತ್ತಾರೆ. ಬಿಚ್ಚಿ ನೋಡಿ, ಹಳೆ ಪೇಸ್ಟ್ ಒರೆಸಿ, ಬಟಾಣಿಯಷ್ಟು ಹೊಸದು ಹಾಕಿ ಕೂರಿಸಿ.