ಕರೆಂಟ್ ಹೋದ ರಾತ್ರಿ ಮನೆಯಲ್ಲೇ ಇದ್ದೆ

ನಿಮ್ಮ ಪ್ರಶ್ನೆ: "ಕೊರೊನಾ ಲಾಕ್‌ಡೌನ್ ಹೊತ್ತಿನಲ್ಲಿ ನಿವೃತ್ತರಾದವರು ಯಾರಾದರೂ ಇದ್ದೀರಾ? ಮನೆಯೊಳಗೇ ಕೂತ ಆ ದಿನಗಳಲ್ಲಿ ಕೃತಜ್ಞತೆ ಅನ್ನೋದು ನಿಜವಾಗಿ ಬಂತಾ? ನಮ್ಮ ಅಪ್ಪ ಈಗಷ್ಟೇ ನಿವೃತ್ತರಾಗಿ ಮಂಕಾಗಿದ್ದಾರೆ, ಅದಕ್ಕೆ ಕೇಳುತ್ತಿದ್ದೇನೆ."

ನಾನಿದ್ದೇನೆ. 2020ರ ಮಾರ್ಚ್ 31ಕ್ಕೆ ನನ್ನ ಸರ್ವಿಸ್ ಮುಗಿಯಿತು. ಕೊಡಗಿನ ನಾಪೋಕ್ಲು ಕಡೆ ಲೈನ್‌ಮನ್ ಆಗಿದ್ದೆ. ನಮ್ಮ ಕರೆಂಟ್ ಇಲಾಖೆಯ ಹೆಸರು ಬದಲಾಗುತ್ತಲೇ ಹೋಯಿತು: ಕೆಇಬಿ ಹೋಗಿ ಕೆಪಿಟಿಸಿಎಲ್ ಬಂತು, ಆಮೇಲೆ ಮೆಸ್ಕಾಂ, ಆಮೇಲೆ ಸೆಸ್ಕ್. ಊರವರಿಗೆ ಮಾತ್ರ ನಾವು ಇವತ್ತಿಗೂ ಕೆಇಬಿಯವರೇ.

ಬೀಳ್ಕೊಡುಗೆ ಆಗಲಿಲ್ಲ. ಮಾರ್ಚ್ 19ಕ್ಕೆ ಜಿಲ್ಲೆಯ ಮೊದಲ ಪ್ರಕರಣ ಬಂದಿತ್ತು. 25ರಿಂದ ಇಡೀ ದೇಶವೇ ಬಂದ್. ಶಾಲು, ಹಾರ, ಊಟ ಯಾವುದೂ ಇಲ್ಲ. ಸೇಫ್ಟಿ ಬೆಲ್ಟು, ಗ್ಲೌಸು, ಸಾಮಾನುಗಳನ್ನು ಒಪ್ಪಿಸಿ ಸಹಿ ಹಾಕಿದೆ. ಸಾಹೇಬರು ದೂರದಿಂದಲೇ ಕೈ ಮುಗಿದರು. ಬೈಕ್ ಹತ್ತಿ ಮನೆಗೆ ಬಂದೆ.

ಮೊದಲ ದಿನಗಳಲ್ಲಿ ತುಂಬಾ ಕಾಡಿದ್ದು ಫೋನು. ಅಷ್ಟು ವರ್ಷ ಮಧ್ಯರಾತ್ರಿಯಲ್ಲೂ ಹೊಡೆದುಕೊಳ್ಳುತ್ತಿದ್ದ ಫೋನು ಒಮ್ಮೆಗೇ ಸುಮ್ಮನಾಯಿತು. ಬೆಂಗಳೂರಿನಲ್ಲಿರುವ ಮಗಳು, "ಅಪ್ಪಾ, ದಿನಾ ಐದು ಒಳ್ಳೇ ವಿಷಯ ಬರೆದಿಡಿ, ಮನಸ್ಸು ಹಗುರ ಆಗುತ್ತೆ" ಅಂದಳು. ಬರೆದೆ. ಆರೋಗ್ಯ ಇದೆ, ಮನೆ ಇದೆ, ಕಾಫಿ ಹೂವಿಗೆ ಮಳೆ ಬಂತು. ಎಲ್ಲಾ ನಿಜವೇ. ಆದರೆ ಮನಸ್ಸು ಅಲ್ಲಾಡಲಿಲ್ಲ. ಕೆಲವರಿಗೆ ಅದರಿಂದ ಉಪಕಾರ ಆಗಬಹುದು. ನನಗೆ ಮಾತ್ರ ಕೃತಜ್ಞತೆ ಪಟ್ಟಿಯಿಂದ ಬರಲಿಲ್ಲ, ಮನುಷ್ಯರಿಂದ ಬಂತು.

ಏಪ್ರಿಲ್ 5ರ ರಾತ್ರಿ ನಿಮಗೂ ನೆನಪಿರಬಹುದು. ಒಂಬತ್ತು ಗಂಟೆಗೆ ಒಂಬತ್ತು ನಿಮಿಷ ಲೈಟ್ ಆರಿಸಿ ದೀಪ ಹಚ್ಚಿ ಅಂತ ಪ್ರಧಾನಿಗಳು ಹೇಳಿದ್ದರು. ನಮ್ಮ ಜಗಲಿಯಲ್ಲೂ ಹಣತೆ ಇಟ್ಟೆವು. ನನ್ನ ಯೋಚನೆ ಎಲ್ಲಾ ಸಬ್‌ಸ್ಟೇಷನ್ ಕಡೆಗೆ. ದೇಶವೇ ಒಟ್ಟಿಗೆ ಸ್ವಿಚ್ ಆರಿಸಿದರೆ ಲೋಡ್ ಥಟ್ಟನೆ ಇಳಿಯುತ್ತೆ, ಫ್ರೀಕ್ವೆನ್ಸಿ ಏರುತ್ತೆ. ಹಿಡಿತ ತಪ್ಪಿದರೆ ಗ್ರಿಡ್ಡೇ, ಅಂದರೆ ದೇಶದ ವಿದ್ಯುತ್ ಜಾಲವೇ, ಟ್ರಿಪ್ ಆಗಿ ನಿಂತುಬಿಡಬಹುದು. ಆವತ್ತು ಸುಮಾರು 31 ಸಾವಿರ ಮೆಗಾವ್ಯಾಟ್ ಲೋಡ್ ಇಳಿದು ಮತ್ತೆ ಏರಿತು. ಜಲವಿದ್ಯುತ್ ಕೇಂದ್ರಗಳನ್ನು ಇಳಿಸಿ, ಏರಿಸಿ ಗ್ರಿಡ್ ಉಳಿಸಿಕೊಂಡರು. ಕರೆಂಟ್ ಹೋಗಲಿಲ್ಲ. ಹೋಗದೇ ಇದ್ದದ್ದನ್ನು ಯಾರೂ ಗಮನಿಸಲೂ ಇಲ್ಲ, ಅಲ್ವಾ? ಆ ಹೊತ್ತಿಗೆ ಪ್ಯಾನೆಲ್ ಮುಂದೆ ಮೀಟರ್ ನೋಡುತ್ತಾ ನಿಂತವರು ದೇಶದಲ್ಲಿ ಎಷ್ಟು ಮಂದಿಯೋ. ನನಗೆ ಕಣ್ಣು ತುಂಬಿ ಬಂತು. ನಾನೂ ಇಷ್ಟು ವರ್ಷ ಅವರಲ್ಲಿ ಒಬ್ಬನಾಗಿದ್ದೆ, ಈಗ ಅವರು ನನಗೋಸ್ಕರ ನಿಂತಿದ್ದಾರೆ ಅನ್ನಿಸಿತು. ಅಲ್ಲಿಂದ ಶುರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. 2006ರ ಏಪ್ರಿಲ್‌ಗಿಂತ ಮುಂಚೆ ಸೇರಿದವನಾದ್ದರಿಂದ ನನಗೆ ಹಳೆಯ ಪಿಂಚಣಿ ಇದೆ. ಆಮೇಲೆ ಸೇರಿದ ಹುಡುಗರಿಗೆ ಎನ್‌ಪಿಎಸ್, ಅಂದರೆ ಸಂಬಳದಿಂದ ಹಣ ಹಿಡಿದು ಕೂಡಿಡುವ ಹೊಸ ಪಿಂಚಣಿ. ಗುತ್ತಿಗೆ ಗ್ಯಾಂಗಿನವರಿಗೆ ಆ ಭರವಸೆಯೂ ಇಲ್ಲ. ಅದೇ ಏಪ್ರಿಲ್‌ನಲ್ಲಿ ನಮ್ಮ ಕಡೆ ಕರಿಮೆಣಸು ಬಳ್ಳಿಯಲ್ಲೇ ಇತ್ತು, ಕೊಯ್ಯುವವರು ಓಡಾಡುವಂತಿರಲಿಲ್ಲ. ದಿನಗೂಲಿಯವರ ಮನೆಯಲ್ಲಿ ಒಲೆ ಉರಿಯೋದೇ ಕಷ್ಟವಾಗಿತ್ತು. ತಿಂಗಳಿಗೆ ಸರಿಯಾಗಿ ಹಣ ಬರುವವನು ಅವರಿಗೆ ಕೃತಜ್ಞತೆಯ ಪಾಠ ಹೇಳಬಾರದು. ನನ್ನ ಅನುಭವ ನನ್ನಂಥವರಿಗೆ ಮಾತ್ರ.

ಇನ್ನು ಮಳೆಗಾಲದ ಮಾತು. ಕೊಡಗಿನ ಲೈನ್ ಅಂದರೆ ಹೇಗೆ ಅಂತ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. 11 ಕೆವಿ ಲೈನ್ ಕಾಫಿ ತೋಟದೊಳಗೇ ಹೋಗುತ್ತೆ. ಮೇಲೆಲ್ಲಾ ನೆರಳಿನ ಮರ, ಸಿಲ್ವರ್ ಓಕ್. ಮನೆಗಳು ಒಂದೊಂದು ಮೂಲೆಯಲ್ಲಿ. ಗಾಳಿಗೆ ಒಂದು ಕೊಂಬೆ ಬಿದ್ದರೆ ಸಾಕು, ಫೀಡರ್ ಟ್ರಿಪ್, ಅಂದರೆ ಆ ಇಡೀ ಲೈನಿಗೇ ಕರೆಂಟ್ ಇಲ್ಲ. ಎಲ್ಲಿ ಬಿದ್ದಿದೆ ಅಂತ ನಡೆದೇ ಹುಡುಕಬೇಕು. ಕಾಲಿಗೆ ಜಿಗಣೆ, ಮೈಯೆಲ್ಲಾ ಒದ್ದೆ. ಸಿಕ್ಕಿದ ಮೇಲೂ ಸಬ್‌ಸ್ಟೇಷನ್‌ಗೆ ಫೋನ್ ಮಾಡಿ ಲೈನ್ ಕ್ಲಿಯರ್ ತಗೋಬೇಕು, ಅಂದರೆ ಲೈನ್ ಆಫ್ ಮಾಡಿದ್ದೇವೆ, ಕೆಲಸ ಮಾಡಿ ಅನ್ನೋ ಅನುಮತಿ. ಅರ್ಥ್ ಮಾಡಬೇಕು, ಅಂದರೆ ತಂತಿಯನ್ನು ನೆಲಕ್ಕೆ ಜೋಡಿಸಬೇಕು. ಆಮೇಲೇ ಮರ ಕಡಿದು ತಂತಿ ಎಳೆದು ಕಟ್ಟೋದು. ಯಾರದೋ ಮನೆಯ ಜನರೇಟರ್‌ನಿಂದ ಕರೆಂಟ್ ವಾಪಸ್ ಲೈನಿಗೆ ಬಂದರೆ ಕಂಬದ ಮೇಲಿರುವವನ ಜೀವ ಹೋಗುತ್ತೆ. ಅದಕ್ಕೇ ಅರ್ಥಿಂಗ್ ಮಾಡದೆ ತಂತಿ ಮುಟ್ಟಬಾರದು.

ಆ ವರ್ಷ ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನವಾದ ಆಗಸ್ಟ್ 3ಕ್ಕೆ, ಮನೆಯಲ್ಲೇ ಕೂತು ಮದ್ದು ಸೊಪ್ಪಿನ ಪಾಯಸ ತಿಂದೆ. ಸರ್ವಿಸ್‌ನಲ್ಲಿದ್ದಾಗ ಅದು ನಮಗೆ ಅತಿ ಕೆಲಸದ ಕಾಲ. ಪಾಯಸ ಪಾತ್ರೆಯಲ್ಲಿ ತಣ್ಣಗಾಗಿ ಕಾಯುತ್ತಿರುತ್ತಿತ್ತು. ಎರಡು ದಿನದಲ್ಲಿ ಮಳೆ ಜೋರಾಯಿತು. 6ರ ಬೆಳಗ್ಗೆ ತಲಕಾವೇರಿಯಲ್ಲಿ ಬ್ರಹ್ಮಗಿರಿ ಬೆಟ್ಟ ಕುಸಿದು ಅರ್ಚಕರ ಮನೆಯೇ ಮಣ್ಣಿನಡಿ ಹೋದ ಸುದ್ದಿ ಬಂತು. ಭಾಗಮಂಡಲದಲ್ಲಿ ನೀರು ತುಂಬಿತ್ತು. ನಮ್ಮಲ್ಲೂ ಕರೆಂಟ್ ಇಲ್ಲ.

ಆ ವಾರದ ಒಂದು ರಾತ್ರಿ ಗಾಳಿಗೆ ಹೆಂಚು ಹಾರುವ ಹಾಗಿತ್ತು. ಅಭ್ಯಾಸದಂತೆ ಎದ್ದು ಕೂತೆ. ಮನೆಯವಳು, "ಮಲಗಿ, ನೀವು ಇಲ್ಲೇ ಇದ್ದೀರಲ್ಲ" ಅಂದಳು. ಎರಡು ನಿಮಿಷದಲ್ಲಿ ಅವಳಿಗೆ ಗಾಢ ನಿದ್ದೆ. ಬೆಳಗ್ಗೆ ಕಾಫಿ ಕುಡಿಯುವಾಗ ಕೇಳಿದೆ, ಅಷ್ಟು ಗಾಳಿಯಲ್ಲಿ ಹೇಗೆ ನಿದ್ದೆ ಬಂತು ಅಂತ. ಮದುವೆಯಾದಾಗಿನಿಂದ ನಾನು ಮಳೆಯಲ್ಲಿ ಲೈನಿಗೆ ಹೋದ ಯಾವ ರಾತ್ರಿಯೂ ಅವಳು ಮಲಗಿದ್ದಿಲ್ಲವಂತೆ. ಬೈಕ್ ಸದ್ದು ಕೇಳಿದ ಮೇಲೆ ಮಲಗಿದವಳ ಹಾಗೆ ಇರುತ್ತಿದ್ದಳಂತೆ. "ಹೇಳಿದ್ರೆ ಕಂಬದ ಮೇಲೆ ನಿಮಗೆ ಅದೇ ಯೋಚನೆ ಆಗುತ್ತೆ ಅಂತ ಹೇಳಲಿಲ್ಲ" ಅಂದಳು. ಲಾಕ್‌ಡೌನ್ ಇಲ್ಲದಿದ್ದರೆ ನಾನು ನಿವೃತ್ತಿಯಾದ ಮಾರನೇ ದಿನವೇ ವೈರಿಂಗ್ ಕೆಲಸ ಅಂತ ಊರೂರು ತಿರುಗುತ್ತಿದ್ದೆ. ಈ ಮಾತು ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಹಾಗಾದರೆ ಈಗ ಯಾರ ಮನೆಯಲ್ಲಿ ಎಚ್ಚರ ಇದ್ದಾರೆ? ಆ ಪ್ರಶ್ನೆ ಬಿಡಲಿಲ್ಲ. ನಮ್ಮ ಕಡೆ ಪವರ್‌ಮನ್ ಹುಡುಗರಲ್ಲಿ ಉತ್ತರ ಕರ್ನಾಟಕದವರು ಜಾಸ್ತಿ. ವಿಜಯಪುರ, ರಾಯಚೂರು ಬಯಲಲ್ಲಿ ಬೆಳೆದವರು, ಇಲ್ಲಿ ಜಡಿಮಳೆಯಲ್ಲಿ ಕಂಬ ಹತ್ತುತ್ತಾರೆ. ಬಾಡಿಗೆ ರೂಮಿನ ವಾಸ. ಲಾಕ್‌ಡೌನ್‌ನಲ್ಲಿ ಹೋಟೆಲ್ ಬಂದ್, ಊರಿಗೆ ಹೋಗಲು ಬಸ್ಸಿಲ್ಲ. ಏಪ್ರಿಲ್‌ನಿಂದಲೇ ಮನೆಯವಳು ಇಬ್ಬರು ಹುಡುಗರಿಗೆ ಊಟ ಕೊಟ್ಟು ಕಳಿಸುತ್ತಿದ್ದಳು. ಅಕ್ಕಿ ರೊಟ್ಟಿ, ಕಾಡುಮಾವಿನ ಸಾರು, ಹಲಸಿನ ಬೀಜದ ಪಲ್ಯ. ಜೋಳದ ರೊಟ್ಟಿ ತಿಂದು ಬೆಳೆದವರು, ಪಾಪ, ಇದನ್ನೂ ಮನಸಿಟ್ಟು ತಿಂದರು. ಗೇಟಿನ ಹತ್ತಿರ ಬುತ್ತಿ ಇಟ್ಟು ನಾವು ಹಿಂದೆ ಸರಿಯುತ್ತಿದ್ದೆವು. ಅವರು ಬಂದು ತಗೊಳ್ಳುತ್ತಿದ್ದರು.

ಆಗಸ್ಟ್‌ನ ಆ ಮಳೆಯಲ್ಲಿ ನಮ್ಮ ಫೀಡರ್ ಸರಿಮಾಡಿದ್ದೂ ಅವರೇ. ರಾತ್ರಿ ಬಲ್ಬ್ ಹತ್ತಿದ ಕೂಡಲೇ ಫೋನ್ ಬಂತು. "ಸರ, ನಿಮ್ಮ ಮನ್ಯಾಗ ಕರೆಂಟ್ ಬಂತೇನ್ರಿ?" ನಾನು ಜೀವಮಾನವಿಡೀ ಬೇರೆಯವರಿಗೆ ಕೇಳಿದ ಪ್ರಶ್ನೆ ಅದು. ಮೊದಲ ಸಲ ಇನ್ನೊಬ್ಬರು ನನಗೆ ಕೇಳಿದರು. "ಬಂತಪ್ಪ, ನೀವು ಊಟ ಮಾಡಿದ್ರಾ?" ಅಂದೆ. ಆಮೇಲೆ ಆ ಹುಡುಗನ ತಾಯಿಯ ನಂಬರ್ ತಗೊಂಡು ನಾನೇ ಫೋನ್ ಮಾಡಿದೆ. ಮಗ ಕೆಳಗೆ ಇಳಿದಿದ್ದಾನೆ, ಚೆನ್ನಾಗಿದ್ದಾನೆ, ನೀವು ಮಲಗಿ ಅಂತ ಹೇಳಿದೆ. ಆ ಮಳೆಗಾಲ ಮುಗಿಯುವವರೆಗೂ ಹಾಗೇ ಮಾಡಿದೆ. ನಿವೃತ್ತಿಯಾದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಅದು, ಅದರಷ್ಟು ಮನಸ್ಸಿಗೆ ಹಿತವಾದ ಕೆಲಸ ಸರ್ವಿಸ್‌ನಲ್ಲೂ ಮಾಡಿರಲಿಲ್ಲ.

ಹಾಗಾಗಿ ನಿಮ್ಮ ಅಪ್ಪನಿಗೆ "ಆರಾಮಾಗಿರಿ, ಇನ್ನೇನು ಚಿಂತೆ" ಅಂತ ಹೇಳಬೇಡಿ. ಅವರ ಜಾಗಕ್ಕೆ ಈಗ ಯಾರು ಬಂದಿದ್ದಾರೆ ಅಂತ ಕೇಳಿ. ಆ ಹುಡುಗನಿಗೋ ಹುಡುಗಿಗೋ ಅಪ್ಪನಿಂದ ಒಂದು ಫೋನ್ ಮಾಡಿಸಿ. ಅಮ್ಮ ಇದ್ದರೆ, ಅಪ್ಪ ಎದುರಿಗೇ ಕೂತಿರುವಾಗ, ಅವರು ಕೆಲಸಕ್ಕೆ ಹೋಗುತ್ತಿದ್ದ ದಿನಗಳಲ್ಲಿ ನಿಮಗೆ ಹೇಗಿತ್ತು ಅಂತ ಅಮ್ಮನನ್ನು ಕೇಳಿ. ಮಧ್ಯೆ ನೀವು ಮಾತಾಡಬೇಡಿ. ಅಪ್ಪ ಯಾವ ಕೆಲಸದಲ್ಲಿದ್ದರು ಅಂತ ನೀವು ಬರೆದಿಲ್ಲ. ತಿಳಿಸಿ, ಇನ್ನೇನಾದರೂ ಹೊಳೆದರೆ ಬರೆಯುತ್ತೇನೆ. ನಮ್ಮ ಇಲಾಖೆಯವರೇ ಆಗಿದ್ದರೆ ಅವರ ಜೊತೆ ಮಾತಾಡಲು ನಾನು ಯಾವಾಗಲೂ ಸಿದ್ಧ.