ಓದುಗರ ಪ್ರಶ್ನೆ: ಮುಂದಿನ ಎಂಎಕ್ಸ್-5 ಹೇಗಿದ್ದರೆ ಚೆಂದ?

ಮಜ್ದಾ ಎಂಎಕ್ಸ್-5 ಕಾರಿನ ಐದನೇ ತಲೆಮಾರಿನ ರೂಪ ಹೇಗಿರಬೇಕು ಎಂದು ಕೇಳಿದ್ದಕ್ಕೆ ಬಂದ ಪತ್ರಗಳಲ್ಲಿ ಆಯ್ದವು ಇಲ್ಲಿವೆ. ಅಮೆರಿಕದಲ್ಲಿ ಮಿಯಾಟಾ, ಜಪಾನಿನಲ್ಲಿ ರೋಡ್‌ಸ್ಟರ್ ಎಂದು ಕರೆಸಿಕೊಳ್ಳುವ ಈ ಎರಡು ಸೀಟಿನ ತೆರೆದ ಕಾರು ಮೊದಲು ಕಾಣಿಸಿಕೊಂಡದ್ದು 1989ರ ಫೆಬ್ರವರಿಯಲ್ಲಿ, ಷಿಕಾಗೊ ಮೇಳದಲ್ಲಿ. ಅಭಿಮಾನಿಗಳ ಬಾಯಲ್ಲಿ ತಲೆಮಾರುಗಳ ಹೆಸರು ಎನ್‌ಎ (1989), ಎನ್‌ಬಿ (1998), ಎನ್‌ಸಿ (2005), ಎನ್‌ಡಿ (2015). ಬೇರೆ ಹೇಳದಿದ್ದರೆ ಈ ಕಾರಿನ ಅಳತೆಗಳೆಲ್ಲ ಜಪಾನಿನಲ್ಲಿ ಮಾರುವ ಮಾದರಿಯವು.

ಪ್ರಶ್ನೆ: ಮೊದಲ ಕಾರಿನಲ್ಲಿದ್ದಂತೆ ಮೇಲೆದ್ದು ಮತ್ತೆ ಮಲಗುವ ಹೆಡ್‌ಲೈಟು ವಾಪಸ್ ಬರಲಿ ಎಂಬುದು ಎಲ್ಲ ಅಭಿಮಾನಿಗಳ ಆಸೆ. ಕಾನೂನೇ ಬಿಡುವುದಿಲ್ಲ ಎನ್ನುತ್ತಾರಲ್ಲ, ನಿಜವೇ?
— ಮೈಸೂರಿನ ಓದುಗರು

ಉತ್ತರ: ಬಿಡುವುದಿಲ್ಲ ಎನ್ನುವುದಕ್ಕಿಂತ, ಮಾಡಿ ಗಿಟ್ಟುವುದಿಲ್ಲ ಎನ್ನುವುದು ಸರಿ. ಆ ದೀಪ ಹುಟ್ಟಿದ್ದೇ ಒಂದು ಇಕ್ಕಟ್ಟಿನಿಂದ. ಅಮೆರಿಕದಲ್ಲಿ ಹೆಡ್‌ಲೈಟು ನೆಲದಿಂದ ಕನಿಷ್ಠ 22 ಇಂಚು ಮೇಲಿರಬೇಕು. 1983ರವರೆಗೆ ಗೊತ್ತುಪಡಿಸಿದ ಆಕಾರದ ಸೀಲ್ಡ್ ಬೀಮ್ ದೀಪವನ್ನೇ (ಬಲ್ಬು, ಪ್ರತಿಫಲಕ, ಗಾಜು ಮೂರೂ ಸೇರಿ ಒಂದೇ ಮುಚ್ಚಿದ ಗಟ್ಟಿ) ಹಾಕಬೇಕಿತ್ತು. ಎನ್‌ಎ ಒಳಗೆ ಕೂತಿದ್ದೂ 7 ಇಂಚಿನ ದುಂಡು ದೀಪ. ಇಷ್ಟು ದಪ್ಪನೆಯ ದೀಪ ಅಷ್ಟು ಎತ್ತರದಲ್ಲಿರಬೇಕು, ಮೂತಿ ಮಾತ್ರ ತಗ್ಗಿರಬೇಕು ಎಂದರೆ ದೀಪವನ್ನು ಅಡಗಿಸಿಟ್ಟು ಬೇಕಾದಾಗ ಎತ್ತುವುದೊಂದೇ ದಾರಿ.

ಈಗ ಆ ಇಕ್ಕಟ್ಟು ಇಲ್ಲ. ಎಲ್‌ಇಡಿ ದೀಪ ಎರಡು ಬೆರಳಿನಷ್ಟು ಎತ್ತರದ ಸೀಳಿನಲ್ಲೂ ಕೂರುತ್ತದೆ. ಎನ್‌ಡಿಯ ಕಣ್ಣು ಅಷ್ಟು ಸಣ್ಣಗಿರುವುದೂ ಅದಕ್ಕೇ. ಜೊತೆಗೆ, ಎದ್ದು ನಿಂತ ದೀಪದ ಚೂಪು ಅಂಚು ಪಾದಚಾರಿಗೆ ತಗುಲಿದರೆ ಏನಾಗುತ್ತದೆ ಎಂಬ ಪರೀಕ್ಷೆ ಯುರೋಪು ಜಪಾನುಗಳಲ್ಲಿ ಬಿಗಿಯಾಗಿದೆ. ಇಂಥ ದೀಪವಿದ್ದ ಹೊಸ ಕಾರುಗಳ ಸಾಲಿನಲ್ಲಿ ಕೊನೆಯದಾಗಿ ಉಳಿದಿದ್ದ ಕಾರ್ವೆಟ್ ಸಿ5, ಲೋಟಸ್ ಎಸ್ಪ್ರಿ ಎರಡೂ 2004ಕ್ಕೆ ಮುಗಿದವು. ತೂಕದ ಲೆಕ್ಕವೂ ಇದೆ: ಎರಡು ಮೋಟಾರು, ಎರಡು ಮುಚ್ಚಳ, ಸನ್ನೆಕೋಲುಗಳು, ಎಲ್ಲವೂ ಮುಂದಿನ ಚಕ್ರಕ್ಕಿಂತ ಮುಂದೆ. ಹಗುರವಾಗಿರುವುದನ್ನೇ ಬಂಡವಾಳ ಮಾಡಿಕೊಂಡ ಕಾರಿಗೆ ಅದು ತಕ್ಕ ಜಾಗವಲ್ಲ.

ಅಭಿಮಾನಿಗಳು ನಿಜಕ್ಕೂ ಬಯಸುವುದು ಮೋಟಾರನ್ನಲ್ಲ, ಕಣ್ಣು ಮುಚ್ಚಿದಾಗಿನ ಆ ನುಣುಪು ಮುಖವನ್ನು. ದೀಪ ಆರಿಸಿದಾಗ ಬಾಡಿಯ ಬಣ್ಣದಲ್ಲೇ ಕರಗಿಹೋಗುವ ಹೊದಿಕೆ ಕೊಟ್ಟರೆ ಆ ಮುಖ ಸಿಗುತ್ತದೆ. ಕೇಳುವುದಾದರೆ ಅದನ್ನು ಕೇಳಿ.

ಪ್ರಶ್ನೆ: ವಿನ್ಯಾಸ ಕಲಿಯುತ್ತಿದ್ದೇನೆ. ಐದನೇ ತಲೆಮಾರಿನ ಕಾರು ನನ್ನ ಕಲ್ಪನೆಯಲ್ಲಿ ಹೇಗಿದೆಯೋ ಹಾಗೆ ಬರೆದೆ. ಅಗಲ ಟೈರು, 20 ಇಂಚಿನ ರಿಮ್ಮು, ಚೂಪು ಗೆರೆ ಎಲ್ಲ ಹಾಕಿದರೂ ನೋಡಿದವರು ‘ಆಟಿಕೆ ಕಾರಿನ ಹಾಗಿದೆ’ ಎಂದರು. ಎಲ್ಲಿ ತಪ್ಪಿದೆ?
— ಬೆಂಗಳೂರಿನ ವಿದ್ಯಾರ್ಥಿ

ಉತ್ತರ: ತಪ್ಪು ಆ 20 ಇಂಚಿನಲ್ಲೇ ಇದೆ. ಗೆರೆ ಎಳೆಯುವ ಮೊದಲು ಲೆಕ್ಕ ಹಾಕಬೇಕಿತ್ತು. ಎರಡು ಚಕ್ರಗಳ ನಡುವಿನ ದೂರದಲ್ಲಿ, ಅಂದರೆ ವೀಲ್‌ಬೇಸಿನಲ್ಲಿ, ಎಷ್ಟು ಟೈರು ಹಿಡಿಸುತ್ತವೆ ಎಂದು ನೋಡುವುದು ಮೊದಲ ಪರೀಕ್ಷೆ.

ಟೈರಿನ ವ್ಯಾಸ ಹೀಗೆ ತೆಗೆಯಿರಿ: ರಿಮ್ಮಿನ ಇಂಚನ್ನು 25.4ರಿಂದ ಗುಣಿಸಿ, ಟೈರಿನ ಪಕ್ಕದ ಎತ್ತರವನ್ನು ಎರಡು ಸಲ ಕೂಡಿಸಿ. ಎನ್‌ಎಗೆ 185/60 ಆರ್14. ಪಕ್ಕದ ಎತ್ತರ 185ರ 60 ಶೇಕಡಾ, 111 ಮಿ.ಮೀ. ವ್ಯಾಸ ಸುಮಾರು 578. ವೀಲ್‌ಬೇಸ್ 2,265 ಮಿ.ಮೀ., ಭಾಗಿಸಿದರೆ 3.92. ಎನ್‌ಡಿಗೆ 195/50 ಆರ್16, ವ್ಯಾಸ 601, ವೀಲ್‌ಬೇಸ್ 2,310, ಭಾಗಿಸಿದರೆ 3.84. ಇಪ್ಪತ್ತಾರು ವರ್ಷದಲ್ಲಿ ಈ ಅನುಪಾತ ಅಲುಗಿದ್ದು ಇಷ್ಟೇ. ಈಗ ನಿಮ್ಮ ಚಿತ್ರಕ್ಕೆ 245/35 ಆರ್20 ಹಾಕಿ: ವ್ಯಾಸ 680, ಅನುಪಾತ 3.4. ಮಕ್ಕಳ ಆಟಿಕೆ ಕಾರುಗಳಲ್ಲೂ ಇದೇ ಕಥೆ, ಮೈಗೆ ಹೋಲಿಸಿದರೆ ಚಕ್ರ ದೊಡ್ಡದು. ನೋಡಿದವರ ಕಣ್ಣು ಸರಿಯಾಗೇ ಇದೆ.

ದೊಡ್ಡ ಚಕ್ರ ಚಿತ್ರವನ್ನಷ್ಟೇ ಕೆಡಿಸುವುದಿಲ್ಲ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರಿಗೆ ಒಳಗೆ ಜಾಗ ಬೇಕು, ಗುಂಡಿಯಲ್ಲಿ ಇಳಿದಾಗ ಮೇಲೆ ಜಾಗ ಬೇಕು. ಹಾಗಾಗಿ ಫೆಂಡರು ಎತ್ತರವಾಗುತ್ತದೆ, ಅದರ ಹಿಂದೆಯೇ ಬಾನೆಟ್ಟೂ ಏರುತ್ತದೆ, ಅಗಲವೂ ಬೆಳೆಯುತ್ತದೆ. ನೀವು ಆಸೆಪಟ್ಟ ತಗ್ಗಿದ ಮೂತಿಯನ್ನು ನಿಮ್ಮ ಚಕ್ರವೇ ತಿಂದುಹಾಕಿತು.

ಮತ್ತೆ ಬರೆಯುವಾಗ ಹೀಗೆ ಮಾಡಿ. ಗ್ರಾಫ್ ಹಾಳೆಯಲ್ಲಿ 1:10 ಅಳತೆ ಇಟ್ಟುಕೊಳ್ಳಿ. ನೆಲದ ಗೆರೆ, ಅದರ ಮೇಲೆ 60 ಮಿ.ಮೀ. ವ್ಯಾಸದ ಎರಡು ವೃತ್ತ, ಕೇಂದ್ರದಿಂದ ಕೇಂದ್ರಕ್ಕೆ 231. ನೆಲದಿಂದ 123ರಲ್ಲಿ ಒಂದು ಅಡ್ಡಗೆರೆ. ಮುಚ್ಚಿದ ಟಾಪು ಅದನ್ನು ದಾಟಕೂಡದು. ಮೂತಿ, ಬಾಲ ಎರಡರ ಚಾಚು ಸೇರಿ 160 ಮೀರಬಾರದು. ನಂತರ, ಕಾರಿನ ಗೆರೆಗಿಂತ ಮೊದಲು, ಕುಳಿತ ಚಾಲಕನನ್ನು ಬರೆಯಿರಿ. ಎಂಎಕ್ಸ್-5ರಲ್ಲಿ ಚಾಲಕನ ಸೊಂಟ ಹಿಂದಿನ ಚಕ್ರಕ್ಕೆ ಹತ್ತಿರ, ಮುಂದಿನ ಚಕ್ರಕ್ಕೆ ದೂರ. ಎಂಜಿನ್ನು ಮುಂದಿನ ಆಕ್ಸಲಿನ ಹಿಂದಕ್ಕೆ ಸರಿದಿರುವುದರಿಂದ ಚಕ್ರಕ್ಕೂ ಬಾಗಿಲಿಗೂ ನಡುವೆ ಉದ್ದನೆಯ ಜಾಗ ಉಳಿಯುತ್ತದೆ. ಹೊಸಬರು ಮೊದಲು ಕಳೆದುಕೊಳ್ಳುವುದೇ ಈ ಜಾಗವನ್ನು. ಅದು ಹೋದರೆ ಎಷ್ಟು ಚೂಪು ಗೆರೆ ಎಳೆದರೂ ಮುಂದಿನ ಚಕ್ರ ಎಳೆಯುವ ಸಾಮಾನ್ಯ ಹ್ಯಾಚ್‌ಬ್ಯಾಕಿನ ಟಾಪು ಕಿತ್ತಂತೆ ಕಾಣುತ್ತದೆ.

ಬಾನೆಟ್ಟನ್ನು ಎಂಜಿನ್ನಿಗೆ ತಾಗಿಸಿ ಬರೆಯಬೇಡಿ. ಪಾದಚಾರಿಯ ತಲೆ ಬಡಿದರೆ ತಗಡು ಕುಗ್ಗಲು ಕೆಳಗೆ ಖಾಲಿ ಜಾಗ ಇರಲೇಬೇಕು. ಎನ್‌ಡಿ ತಗ್ಗಿನ ಬಾನೆಟ್ಟನ್ನು ಉಳಿಸಿಕೊಂಡದ್ದು, ಡಿಕ್ಕಿಯಾದ ಕೂಡಲೇ ಬಾನೆಟ್ಟಿನ ಹಿಂಬದಿ ತಾನೇ ಮೇಲೆ ಚಿಮ್ಮುವ ವ್ಯವಸ್ಥೆಯಿಂದ. ಇನ್ನೊಂದು ಮಾತು: ಫೋಟೊ ಇಟ್ಟು ಅಚ್ಚಿಳಿಸುವುದಾದರೆ ಮೊಬೈಲಿನಲ್ಲಿ ಹತ್ತಿರದಿಂದ ತೆಗೆದದ್ದು ಬೇಡ, ಮೂತಿ ಊದಿಕೊಳ್ಳುತ್ತದೆ. ಹತ್ತು ಮೀಟರಿಗಿಂತ ದೂರ ನಿಂತು, ಜೂಮ್ ಮಾಡಿ, ಕ್ಯಾಮೆರಾವನ್ನು ಬಾಗಿಲ ಹಿಡಿಯ ಎತ್ತರಕ್ಕೆ ಇಳಿಸಿ ತೆಗೆಯಿರಿ.

ಪ್ರಶ್ನೆ: 2023ರಲ್ಲಿ ಮಜ್ದಾ ತೋರಿಸಿದ ಐಕಾನಿಕ್ ಎಸ್‌ಪಿ ಕೆಂಪು ಕಾರೇ ಮುಂದಿನ ಮಿಯಾಟಾ ಎಂದು ಇಲ್ಲಿ ಗೆಳೆಯರು ವಾದಿಸುತ್ತಾರೆ. ನಿಮ್ಮ ಅಭಿಪ್ರಾಯ?
— ಕ್ಯಾಲಿಫೋರ್ನಿಯಾದ ಕನ್ನಡಿಗರು

ಉತ್ತರ: ಮೈಮಾಟ ಹೌದು, ಗಾತ್ರ ಅಲ್ಲ. ಟೋಕಿಯೊದ ಜಪಾನ್ ಮೊಬಿಲಿಟಿ ಮೇಳದಲ್ಲಿ ಬಂದ ಆ ಕಾರಿನ ಉದ್ದ 4,180 ಮಿ.ಮೀ., ಅಗಲ 1,850, ಎತ್ತರ 1,150, ವೀಲ್‌ಬೇಸ್ 2,590. ತೂಕ 1,450 ಕೆ.ಜಿ. ಎನ್‌ಡಿ ಉದ್ದ 3,915, ಅಗಲ 1,735, 2015ರಲ್ಲಿ ಬಂದ ತೀರಾ ಸರಳ ಮಾದರಿಯ ತೂಕ 990 ಕೆ.ಜಿ. ನಡುವೆ 460 ಕೆ.ಜಿ. ವ್ಯತ್ಯಾಸ. ಅಷ್ಟರಲ್ಲಿ ಇನ್ನೂ ಅರ್ಧ ಎಂಎಕ್ಸ್-5 ಆಗುತ್ತದೆ. ಎರಡು ರೋಟರಿನ ಎಂಜಿನ್ನು, ವಿದ್ಯುತ್ ಮೋಟಾರು, 370 ಅಶ್ವಶಕ್ತಿ ಎಲ್ಲ ನೋಡಿದರೆ ಅದು ಮಜ್ದಾದ ಹಳೆಯ ರೋಟರಿ ಎಂಜಿನ್ನಿನ ಸ್ಪೋರ್ಟ್ಸ್ ಕಾರು ಆರ್‌ಎಕ್ಸ್-7 ಮನೆತನದ್ದು.

ಆದರೂ ಆ ಅಂಕಿಗಳಲ್ಲಿ ಒಂದು ಸುಳಿವಿದೆ. ಉದ್ದದಲ್ಲಿ ವೀಲ್‌ಬೇಸ್ ಕಳೆದರೆ ಮೂತಿ-ಬಾಲದ ಚಾಚು ಸಿಗುತ್ತದೆ. ಎನ್‌ಎಯಲ್ಲಿ 1,705, ಎನ್‌ಬಿಯಲ್ಲಿ 1,690, ಎನ್‌ಸಿಯಲ್ಲಿ 1,665, ಎನ್‌ಡಿಯಲ್ಲಿ 1,605, ಐಕಾನಿಕ್ ಎಸ್‌ಪಿಯಲ್ಲಿ 1,590. ತಲೆಮಾರಿನಿಂದ ತಲೆಮಾರಿಗೆ ಚಾಚು ಕುಗ್ಗುತ್ತಲೇ ಬಂದಿದೆ. ನಾಲ್ಕು ಚಕ್ರವೂ ಮೂಲೆಗೆ ಸರಿದ, ಬಿಗಿದ ಮೈ ಮುಂದಿನದಕ್ಕೂ ಬರುತ್ತದೆ ಎಂದು ನಿರೀಕ್ಷಿಸಬಹುದು. ಅಗಲದ ಆಸೆ ಮಾತ್ರ ಕಷ್ಟ. 1,700 ಮಿ.ಮೀ. ದಾಟಿದ ಕಾರನ್ನು ಜಪಾನಿನಲ್ಲಿ ದೊಡ್ಡ ಕಾರಿನ ವರ್ಗಕ್ಕೆ ಸೇರಿಸುತ್ತಾರೆ. 1,675ರ ಎನ್‌ಎ, 1,680ರ ಎನ್‌ಬಿ ಒಳಗಿದ್ದವು, 1,720ರ ಎನ್‌ಸಿ ದಾಟಿತು. ಪಕ್ಕದ ಡಿಕ್ಕಿಯ ಪರೀಕ್ಷೆಗೆ ಬಾಗಿಲು ದಪ್ಪವಾಗಲೇಬೇಕಾದ ಕಾಲದಲ್ಲಿ ಹಿಂದಕ್ಕೆ ಹೋಗುವುದು ಸುಲಭವಲ್ಲ.

ಪ್ರಶ್ನೆ: ಬರೀ ಬ್ಯಾಟರಿಯಲ್ಲಿ ಓಡುವ ಎಂಎಕ್ಸ್-5 ಬಂದರೆ ರೂಪ ಕೆಡುತ್ತದೆಯೇ?
— ದಾವಣಗೆರೆಯ ಓದುಗರು

ಉತ್ತರ: ಬ್ಯಾಟರಿ ಎಲ್ಲಿ ಕೂರುತ್ತದೆ ಎಂಬುದರ ಮೇಲೆ ಹೋಗುತ್ತದೆ. ಸೀಟಿನ ಅಡಿಗೆ ಹಾಕಿದರೆ ಚಾಲಕ ಅಷ್ಟು ಮೇಲೇರುತ್ತಾನೆ, ಅವನ ಜೊತೆ ಗಾಜು, ಬಾಗಿಲು, ಬಾನೆಟ್ಟು ಎಲ್ಲ. ಭಾರತಕ್ಕೂ ಬಂದಿರುವ ಎಂಜಿ ಸೈಬರ್‌ಸ್ಟರ್ ನೋಡಿ: ಉದ್ದ 4,535, ಎತ್ತರ 1,329 ಮಿ.ಮೀ., ತೂಕ 1,800 ಕೆ.ಜಿ. ಮೇಲೆ. ಕೆಟ್ಟ ಕಾರಲ್ಲ, ಆದರೆ ಎಂಎಕ್ಸ್-5 ಪಕ್ಕ ನಿಲ್ಲಿಸಿದರೆ ಅಣ್ಣನಲ್ಲ, ದೊಡ್ಡಪ್ಪ. 2008ರ ಟೆಸ್ಲಾ ರೋಡ್‌ಸ್ಟರ್ ಬ್ಯಾಟರಿಯನ್ನು ಸೀಟಿನ ಬೆನ್ನಿಗೆ ಇಟ್ಟಿತ್ತು. ಸಣ್ಣ ತೆರೆದ ಕಾರಿಗೆ ಒಗ್ಗುವ ಜಾಗ ಅದೇ, ಹಿಂದೆ ಸಾಮಾನು ಇಡುವ ಜಾಗದ ಆಸೆ ಬಿಟ್ಟರೆ.

ಪ್ರಶ್ನೆ: ಹೊಸದು ಬರುವವರೆಗೆ ನನ್ನ 1.5 ಲೀಟರ್ ಎನ್‌ಡಿಗೆ ಹಳೆಯ ಎನ್‌ಎ ಕಳೆ ಕೊಡಬೇಕು. ಎನ್‌ಎಯ ಏಳು ಕಡ್ಡಿಯ 14 ಇಂಚಿನ ರಿಮ್ಮು ಕೂರುತ್ತದೆಯೇ? ಬೋಲ್ಟಿನ ಅಳತೆ ಒಂದೇ ಅನ್ನುತ್ತಾರೆ.
— ಮೆಲ್ಬರ್ನಿನಿಂದ

ಉತ್ತರ: ಬೋಲ್ಟು ಒಂದೇ, ನಿಜ. ಎನ್‌ಎ, ಎನ್‌ಬಿ, ಎನ್‌ಡಿ ಮೂರಕ್ಕೂ ನಾಲ್ಕು ನಟ್ಟು, 100 ಮಿ.ಮೀ. ವೃತ್ತ, ನಡುವಿನ ರಂಧ್ರ 54.1. ಎನ್‌ಸಿ ಮಾತ್ರ ಐದು ನಟ್ಟು, 114.3. ಆದರೆ ಎನ್‌ಡಿಯ ಬ್ರೇಕು ದೊಡ್ಡದು. 14 ಇಂಚು ಮರೆತುಬಿಡಿ.

15 ಇಂಚು, 7 ಇಂಚು ಅಗಲ, ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಹಬ್ಬಿಗೆ ತಾಗುವ ಮುಖಕ್ಕಿರುವ ದೂರ) 35ರಿಂದ 40 ಮಿ.ಮೀ. ಇರುವ ಅದೇ ಶೈಲಿಯ ರಿಮ್ಮು ಹುಡುಕಿ. ಟೈರು 195/55 ಆರ್15. ವ್ಯಾಸ 595 ಬರುತ್ತದೆ, ಈಗಿರುವ 601ಕ್ಕಿಂತ ಒಂದು ಶೇಕಡಾ ಕಡಿಮೆ, ಸ್ಪೀಡೋಮೀಟರು ಕೊಂಚ ಹೆಚ್ಚು ತೋರಿಸುತ್ತದೆ ಅಷ್ಟೇ. 205/50 ಹಾಕಿದರೆ 586 ಆಗಿ ಫೆಂಡರಿನ ಕೆಳಗೆ ಖಾಲಿ ಜಾಗ ಇನ್ನೂ ಹೆಚ್ಚು ಕಾಣುತ್ತದೆ, ಬೇಡ. ಕೊಳ್ಳುವ ಮೊದಲು ಟೈರಿಲ್ಲದ ಬರೀ ರಿಮ್ಮನ್ನು ಮುಂದಿನ ಚಕ್ರದ ಜಾಗಕ್ಕೆ ಕೂರಿಸಿ, ನಾಲ್ಕೂ ನಟ್ಟು ಕೈಯಲ್ಲಿ ಬಿಗಿದು, ಒಂದು ಪೂರ್ತಿ ಸುತ್ತು ತಿರುಗಿಸಿ. ಬ್ರೇಕನ್ನು ಒತ್ತುವ ಕ್ಯಾಲಿಪರಿಗೂ ರಿಮ್ಮಿಗೂ ಎಲ್ಲ ಕಡೆ 3 ಮಿ.ಮೀ. ಸಂದು ಇರಬೇಕು. ಬ್ರೆಂಬೊ ಕಂಪನಿಯ ದೊಡ್ಡ ಬ್ರೇಕಿನ ಎನ್‌ಡಿ ಇದ್ದವರು ಈ ಗೋಜಿಗೆ ಹೋಗಬೇಡಿ.

ನಡುವಿನ ರಂಧ್ರ ದೊಡ್ಡದಿರುವ ರಿಮ್ಮಾದರೆ 54.1ಕ್ಕೆ ಇಳಿಸುವ ಉಂಗುರ ಹಾಕಲೇಬೇಕು. ಇಲ್ಲದಿದ್ದರೆ ಚಕ್ರ ನಡುವಿಗೆ ಕೂರದೆ, ವೇಗ ಏರಿದಾಗ ಸ್ಟೀರಿಂಗ್ ನಡುಗುತ್ತದೆ. ಜನ ಸುಮ್ಮನೆ ಬ್ಯಾಲೆನ್ಸಿಂಗ್ ಮಾಡಿಸುತ್ತಾ ಹಣ ಕಳೆಯುತ್ತಾರೆ. ನಟ್ಟು ಎಂ12×1.5, ರಿಮ್ಮಿಗೆ ತಕ್ಕ ಶಂಕುವಿನದು. ಎದುರುಬದುರಾಗಿ ಬಿಗಿಯಿರಿ, 100 ಕಿ.ಮೀ. ಓಡಿದ ಮೇಲೆ ಟಾರ್ಕ್ ರೆಂಚಿನಲ್ಲಿ ಮತ್ತೊಮ್ಮೆ ನೋಡಿ.

ಪ್ರಶ್ನೆ: ಒಳಾಂಗಣದ ಬಗ್ಗೆ ಯಾರೂ ಮಾತಾಡುವುದಿಲ್ಲ. ದೊಡ್ಡ ಪರದೆ ಬಂದೇ ಬರುತ್ತದೆಯೇ?
— ಹುಬ್ಬಳ್ಳಿಯ ಓದುಗರು

ಉತ್ತರ: 2024ರ ಪರಿಷ್ಕರಣೆಯಲ್ಲೇ 7 ಇಂಚು ಹೋಗಿ 8.8 ಇಂಚು ಬಂತು. ಇನ್ನೂ ಬೆಳೆಯುವುದು ಬೇಡ ಎಂಬುದು ನಮ್ಮ ಮತ. ಉಳಿಯಬೇಕಾದ್ದು ಬೇರೆ ಇದೆ. ಎನ್‌ಡಿಯ ಬಾಗಿಲ ಒಳಬದಿಯ ಮೇಲಂಚಿಗೆ ಹೊರಗಿನ ಬಣ್ಣವನ್ನೇ ಹಚ್ಚಿದ್ದಾರೆ. ಚಾಲಕನ ಸೀಟಿನಿಂದ ನೋಡಿದರೆ ಫೆಂಡರಿನ ಉಬ್ಬು ಗಾಜಿನಾಚೆಯಿಂದ ಹರಿದು ಬಂದು ಮೊಣಕೈ ಪಕ್ಕದಲ್ಲಿ ಮುಗಿಯುತ್ತದೆ. ತಿರುವಿನಲ್ಲಿ ಚಕ್ರ ಎಲ್ಲಿದೆ ಎಂದು ಆ ಉಬ್ಬೇ ಹೇಳುತ್ತದೆ. ಅಂದಹಾಗೆ, ಈ ಕಾರು ಭಾರತದಲ್ಲಿ ಸಿಗುತ್ತಿತ್ತೇ ಎಂಬ ನಿಮ್ಮ ಇನ್ನೊಂದು ಪ್ರಶ್ನೆಗೆ: ಮಜ್ದಾ ಕಂಪನಿ ಈ ಕಾರನ್ನು ಭಾರತದಲ್ಲಿ ಅಧಿಕೃತವಾಗಿ ಮಾರಿಯೇ ಇಲ್ಲ. ಇಲ್ಲಿ ಓಡಾಡಿದ ಸ್ವರಾಜ್ ಮಜ್ದಾ ಲಾರಿ, ಬಸ್ಸುಗಳದ್ದು ಬೇರೆ ಲೆಕ್ಕ.

ಪ್ರಶ್ನೆ: ಮುಂದಿನದರ ಮಾತು ಹಾಗಿರಲಿ. ನನ್ನ ಹಳೆಯ ಎನ್‌ಎಯ ಎಡಗಣ್ಣು ಏಳುತ್ತಲೇ ಇಲ್ಲ, ಬಲಗಣ್ಣು ಮಾತ್ರ ಏಳುತ್ತದೆ. ರಾತ್ರಿ ಮನೆಗೆ ಬರುವುದು ಹೇಗೆ?
— ಇಂಗ್ಲೆಂಡಿನ ಲೆಸ್ಟರಿನಿಂದ

ಉತ್ತರ: ದೀಪದ ಸ್ವಿಚ್ಚು, ಎಂಜಿನ್ನು ಎರಡನ್ನೂ ಆರಿಸಿ. ಮೊದಲು ದೀಪ ಎತ್ತುವ ಮೋಟಾರಿನ ಫ್ಯೂಸು ಕೀಳಿ. ಇದನ್ನು ಬಿಟ್ಟರೆ ಮೋಟಾರು ನಡುವೆ ಎಚ್ಚರಗೊಂಡು ಬೆರಳನ್ನು ಸನ್ನೆಕೋಲಿಗೆ ಸಿಕ್ಕಿಸುತ್ತದೆ. ಬಾನೆಟ್ ಎತ್ತಿ ದೀಪದ ಹಿಂದಿನ ಮೋಟಾರಿನ ಮೇಲೆ ನೋಡಿ, ರಬ್ಬರ್ ಟೋಪಿಯ ಕೆಳಗೆ ಒಂದು ತಿರುಗುಗುಂಡಿ ಇದೆ. ಬಾಣದ ದಿಕ್ಕಿಗೆ ತಿರುಗಿಸುತ್ತಾ ಹೋಗಿ. ಬಹಳ ಸುತ್ತು ಬೇಕು, ದೀಪ ನಿಧಾನವಾಗಿ ಏಳುತ್ತದೆ. ಪೂರ್ತಿ ಎದ್ದಮೇಲೆ ಫ್ಯೂಸನ್ನು ಹಾಕದೆ ಹಾಗೇ ಓಡಿಸಿ. ಹಗಲಾದ ಮೇಲೆ ಮೋಟಾರಿನ ಮುಚ್ಚಳ ಬಿಚ್ಚಿ ನೋಡಿ: ಸಾಮಾನ್ಯವಾಗಿ ಒಳಗಿನ ತಾಮ್ರದ ಸಂಪರ್ಕ ತಟ್ಟೆಗೆ ಕಿಲುಬು ಹಿಡಿದು, ಗ್ರೀಸು ಒಣಗಿ ಗಟ್ಟಿಯಾಗಿರುತ್ತದೆ. ಸಣ್ಣ ಮರಳು ಕಾಗದದಿಂದ ಉಜ್ಜಿ, ವಿದ್ಯುತ್ ಸಂಪರ್ಕಗಳಿಗೆ ಹಾಕುವ ಗ್ರೀಸು ತೆಳುವಾಗಿ ಸವರಿ. ಮೋಟಾರು ಸರಿಯಿದ್ದೂ ದೀಪ ಎದ್ದಾಗ ಅಲುಗಾಡಿದರೆ ಸನ್ನೆಕೋಲಿನ ಪ್ಲಾಸ್ಟಿಕ್ ಬುಷ್ ಸವೆದಿದೆ ಎಂದರ್ಥ. ಬದಲಾಯಿಸುವುದಾದರೆ ಎರಡೂ ಕಡೆಯದನ್ನು ಒಟ್ಟಿಗೆ ಬದಲಾಯಿಸಿ.