ಲಂಡನ್ನಿಗೆ ಹೋಗುವಾಗ ಒಂದು ಲೆಕ್ಕ, ಬರುವಾಗ ಇನ್ನೊಂದು ಏಕೆ?

ಪ್ರಶ್ನೆ: ಬೆಂಗಳೂರಿನಿಂದ ಲಂಡನ್ನಿಗೆ ವಿಮಾನದಲ್ಲಿ ಎಷ್ಟು ದೂರ? ನಮ್ಮ ಟಿಕೆಟ್ ಪ್ರಕಾರ ಜುಲೈನಲ್ಲಿ ಬೆಳಿಗ್ಗೆ 7ಕ್ಕೆ ಹೊರಟು ಮಧ್ಯಾಹ್ನ 1ಕ್ಕೆ ತಲುಪುತ್ತೇವೆ. ವಾಪಸ್ ಬರುವಾಗ ಮಧ್ಯಾಹ್ನ 2.30ಕ್ಕೆ ಹೊರಟರೆ ಮರುದಿನ ಬೆಳಗಿನ 5 ಗಂಟೆ. ಆರು ಗಂಟೆಯ ದಾರಿ ಹದಿನಾಲ್ಕೂವರೆ ಆಗುವುದು ಹೇಗೆ? ದುಬೈ ಮೂಲಕ ಹೋದರೆ ಬಹಳ ಸುತ್ತಾಗುತ್ತದೆಯೇ?
– ಓದುಗರು, ಶಿವಮೊಗ್ಗ

ಉತ್ತರ: ಕೆಂಪೇಗೌಡ ವಿಮಾನ ನಿಲ್ದಾಣದಿಂದ ಲಂಡನ್ನಿನ ಹೀಥ್ರೂ ನಿಲ್ದಾಣಕ್ಕೆ ನೇರ ದೂರ ಸುಮಾರು 8,050 ಕಿ.ಮೀ. ಟಿಕೆಟ್‌ನಲ್ಲಿರುವ ಸಮಯಗಳೆಲ್ಲ ಆಯಾ ಊರಿನ ಗಡಿಯಾರದವು. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಉಳಿದ ತಿಂಗಳುಗಳಲ್ಲಿ ಐದೂವರೆ ಗಂಟೆ ಹಿಂದೆ. ಹೋಗುವಾಗ ಆ ವ್ಯತ್ಯಾಸವನ್ನು ಕೂಡಿಸಿ: 6 + 4.30, ಅಂದರೆ ಹತ್ತೂವರೆ ಗಂಟೆ. ಬರುವಾಗ ಕಳೆಯಿರಿ: 14.30ರಲ್ಲಿ 4.30 ಹೋದರೆ ಹತ್ತು ಗಂಟೆ. ಅಕ್ಟೋಬರ್ ಕೊನೆಯಲ್ಲಿ ಪ್ರಯಾಣಿಸುವವರು ಈ ಲೆಕ್ಕದಲ್ಲೇ ಎಡವುತ್ತಾರೆ. ಕರೆದೊಯ್ಯಲು ಬರುವವರಿಗೆ ಹೇಳಿದ ಸಮಯ ಒಂದು ಗಂಟೆ ತಪ್ಪಿಬಿಡುತ್ತದೆ.

ಇನ್ನುಳಿದ ಅರ್ಧ ಗಂಟೆಯ ವ್ಯತ್ಯಾಸ ಗಾಳಿಯದು. ವಿಮಾನ ಹಾರುವ 9ರಿಂದ 12 ಕಿ.ಮೀ. ಎತ್ತರದಲ್ಲಿ ಜೆಟ್ ಸ್ಟ್ರೀಮ್ ಎಂಬ ಬಿರುಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ, ಚಳಿಗಾಲದಲ್ಲಿ ಇನ್ನೂ ಜೋರು. ವಿಮಾನದ ವೇಗ ಗಂಟೆಗೆ 900 ಕಿ.ಮೀ. ಇದ್ದು, ದಾರಿಯುದ್ದಕ್ಕೂ ಸರಾಸರಿ 60 ಕಿ.ಮೀ. ಎದುರುಗಾಳಿ ಸಿಕ್ಕಿತೆನ್ನಿ. ನೆಲದ ಲೆಕ್ಕಕ್ಕೆ ಉಳಿಯುವುದು 840. ಅದೇ ಗಾಳಿ ಬೆನ್ನಿಗಿದ್ದರೆ 960. ಇಷ್ಟು ದೂರಕ್ಕೆ ಅಷ್ಟರಿಂದಲೇ ಒಂದು ಗಂಟೆಗೂ ಹೆಚ್ಚು ವ್ಯತ್ಯಾಸ ಬರುತ್ತದೆ. ರನ್‌ವೇವರೆಗಿನ ಓಡಾಟ, ಏರಿಕೆ, ಇಳಿಯುವ ಸರದಿಗೆ ಕಾಯುವುದೂ ಟಿಕೆಟ್ ಸಮಯದೊಳಗೇ ಸೇರಿರುತ್ತವೆ.

ದಾರಿಯೂ ನೇರವಾಗಿ ಸಿಗುವುದಿಲ್ಲ. ಗೋಳದ ಮೇಲೆ ಎರಡೂ ಊರುಗಳ ನಡುವೆ ದಾರ ಬಿಗಿದು ನೋಡಿ: ಸೌರಾಷ್ಟ್ರ, ಬಲೂಚಿಸ್ತಾನ, ಇರಾನ್, ಕಪ್ಪು ಸಮುದ್ರ, ಉಕ್ರೇನ್ ಮೇಲೆ ಹಾಯುತ್ತದೆ. ಗೋಡೆ ನಕ್ಷೆಯಲ್ಲಿ ಎಳೆದ ಗೆರೆಯಾದರೋ ಅರೇಬಿಯದ ಮೇಲೆ ಹೋಗಿ ದಾರಿ ತಪ್ಪಿಸುತ್ತದೆ. ಉಕ್ರೇನ್ ಆಕಾಶ 2022ರ ಫೆಬ್ರುವರಿಯಲ್ಲಿ ನಾಗರಿಕ ವಿಮಾನಗಳಿಗೆ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ಹೀಗೆ ಬಳಸಿಕೊಂಡು ಹೋದಷ್ಟೂ ಸಮಯ, ಇಂಧನ ಎರಡೂ ಏರುತ್ತವೆ.

ದುಬೈ ಮೂಲಕ ದೂರ ಹೆಚ್ಚುವುದು ಸುಮಾರು 150 ಕಿ.ಮೀ. ಮಾತ್ರ (2,700 + 5,500). ಹೆಚ್ಚುವುದು ಕಾಯುವ ಹೊತ್ತು. ಎರಡೂ ಹಾರಾಟ ಒಂದೇ ಟಿಕೆಟ್‌ನಲ್ಲಿರಲಿ. ಆಗ ಸಾಮಾನು ಸಾಮಾನ್ಯವಾಗಿ ನೇರ ಲಂಡನ್ನಿಗೆ ಹೋಗುತ್ತದೆ, ಮೊದಲ ವಿಮಾನ ತಡವಾಗಿ ಮುಂದಿನದು ತಪ್ಪಿದರೆ ಬದಲಿ ಸೀಟು ಕೊಡುವ ಹೊಣೆ ವಿಮಾನ ಸಂಸ್ಥೆಯದು. ಅಗ್ಗವೆಂದು ಬೇರೆಬೇರೆ ಟಿಕೆಟ್ ಕೊಂಡರೆ ಎರಡನೆಯ ಟಿಕೆಟ್ ಹಣ ಮುಳುಗಬಹುದು. ಸಾಮಾನು ತೆಗೆದುಕೊಳ್ಳಲು ಹೊರಗೆ ಬರಬೇಕಾದರೆ ಅಲ್ಲಿನ ವೀಸಾ ನಿಯಮವೂ ಅಡ್ಡ ಬರುತ್ತದೆ. ಚೆಕ್-ಇನ್ ಮಾಡುವಾಗ ಸಾಮಾನಿನ ಚೀಟಿಯಲ್ಲಿ ಕೊನೆಯ ಊರು ಎಲ್‌ಎಚ್‌ಆರ್ (ಹೀಥ್ರೂವಿನ ಸಂಕೇತ) ಎಂದೇ ಇದೆಯೇ ನೋಡಿಕೊಳ್ಳಿ. ಡಿಎಕ್ಸ್‌ಬಿ (ದುಬೈನ ಸಂಕೇತ) ಎಂದಿದ್ದರೆ ಕೌಂಟರ್ ಬಿಡುವ ಮೊದಲೇ ಕೇಳಿ.